ಸಿಂಪಿ ಒಂದಲ್ಲ, ಎರಡು

ಅಂಕಲಿ, ರಾಯಬಾಗ, ಕಾಗವಾಡದ ಕಡೆ ಸಿಂಪಿ ಅಂದರೆ ಬಟ್ಟೆ ಹೊಲಿಯುವವರು. ಶಿವಸಿಂಪಿ, ನಾಮದೇವ ಸಿಂಪಿ ಸಮಾಜಗಳ ಹೆಸರಿನಲ್ಲಿ ಈ ಪದ ನಿಂತಿದೆ, ಅಡ್ಡಹೆಸರಾಗಿಯೂ ಉಳಿದಿದೆ. ಆದರೆ ನೀರಿನ ಕೆಸರಿನಲ್ಲಿ ಎರಡು ಹೋಳು ಮುಚ್ಚಿಕೊಂಡು ಬದುಕುವ ಜೀವಿಗೂ, ಅದರ ಚಿಪ್ಪಿಗೂ ಕನ್ನಡದ ಹಳೆಯ ಹೆಸರು ಸಿಂಪಿಯೇ. ಮರಾಠಿಯಲ್ಲಿ ಶಿಂಪ, ಶಿಂಪಲಾ. ಅಲ್ಲಿಯೂ ದರ್ಜಿ ಶಿಂಪಿ. ಎರಡು ಭಾಷೆಗಳಲ್ಲಿ ಒಂದೇ ಜೋಡಿ ಕಂಡರೆ ಇವಕ್ಕೆ ಒಂದೇ ಬೇರು ಇರಬೇಕು ಅನ್ನಿಸುವುದು ಸಹಜ. ಚಿಪ್ಪನ್ನು ಬೆಳ್ಳಿಯೆಂದು ಭ್ರಮಿಸುವುದನ್ನೇ ನಮ್ಮ ವೇದಾಂತಿಗಳು ತಪ್ಪು ತಿಳಿವಳಿಕೆಗೆ ಮಾದರಿಯಾಗಿ ಕೊಟ್ಟರು. ಇಲ್ಲಿಯೂ ಚಿಪ್ಪು ಅಂಥದೇ ಆಟ ಆಡಿದೆ.

ದರ್ಜಿಯ ಸಿಂಪಿ ಬಂದದ್ದು ಶಿಲ್ಪಿಯಿಂದ. ಕಲ್ಲು ಕಡೆಯುವವನಷ್ಟೇ ಶಿಲ್ಪಿಯಲ್ಲ, ಕೈಕಸುಬು ಬಲ್ಲವರೆಲ್ಲ ಶಿಲ್ಪಿಗಳೇ. ಪ್ರಾಕೃತದಲ್ಲಿ ‘ಲ್ಪ’ ಎಂಬುದು ‘ಪ್ಪ’ ಆಗುತ್ತದೆ, ಕಲ್ಪ ಕಪ್ಪವಾದಂತೆ. ಹಾಗೆ ಶಿಲ್ಪಿ ಸಿಪ್ಪಿಯಾಗಿ, ಮುಂದೆ ಮೂಗುಧ್ವನಿ ಸೇರಿ ಸಿಂಪಿಯಾಯಿತು. ಚಿಪ್ಪಿನ ಸಿಂಪಿ ಹುಟ್ಟಿದ ಮನೆ ಬೇರೆ. ಕನ್ನಡದ ಚಿಪ್ಪು, ಸಿಪ್ಪು, ಸಿಂಪು, ತೆಲುಗಿನ ಚಿಪ್ಪ, ತುಳುವಿನ ಚಿಪ್ಪಿ, ತಮಿಳಿನ ಇಪ್ಪಿ, ಚಿಪ್ಪಿ ಎಲ್ಲ ಒಂದೇ ಬಳಗ. ಪಾಲಿಯಲ್ಲೂ ಸಿಪ್ಪಿ ಇದೆಯಲ್ಲ, ನಾವೇ ಅಲ್ಲಿಂದ ತಂದಿರಬಾರದೇಕೆ ಎಂದು ಯಾರಾದರೂ ಕೇಳಬಹುದು. ತಮಿಳಿನ ಇಪ್ಪಿಯೇ ಅದಕ್ಕೆ ಉತ್ತರ. ಪದದ ಮೊದಲಿನ ಚಕಾರ-ಸಕಾರ ಬಿದ್ದುಹೋಗುವುದು ದ್ರಾವಿಡ ಭಾಷೆಗಳ ಹಳೆಯ ರೂಢಿ. ಹೇನಿನ ಮೊಟ್ಟೆ ನಮಗೆ ಸೀರು, ತಮಿಳರಿಗೆ ಈರ್. ಆ ರೂಢಿಗೆ ಒಳಗಾಗಿರುವ ಪದ ಈಚಿನ ಎರವಲು ಆಗಿರಲಾರದು. ಚಿಪ್ಪು ಎಷ್ಟು ನಮ್ಮದೆಂದರೆ ಮೊಣಕಾಲಿಗೆ, ತೆಂಗಿಗೆ, ಆಮೆಗೆ, ಬಾಳೆಗೊನೆಗೆ, ಕೊನೆಗೆ ಚಿಪ್ಪುಹಂದಿಗೂ ಹಬ್ಬಿಕೊಂಡಿತು. ದಿವಾಳಿಯಾದವನ ಕೈಗೂ ನಾವು ಚಿಪ್ಪನ್ನೇ ಕೊಟ್ಟೆವು. ಸಿಂಪಿ ಮಾತ್ರ ನೀರು ಬಿಟ್ಟು ಹೆಚ್ಚು ದೂರ ಬರಲಿಲ್ಲ. ಕವಿಗಳು ಅದರೊಳಗೆ ಸ್ವಾತಿ ಮಳೆಯ ಹನಿ ಬೀಳಿಸಿ ಮುತ್ತು ಮಾಡಿದರು. ನಿಜದಲ್ಲಿ ಒಳಹೊಕ್ಕ ಪರೋಪಜೀವಿಯನ್ನೋ ಕಸರನ್ನೋ ಅದು ಪದರ ಪದರವಾಗಿ ಮುಚ್ಚುವುದರಿಂದ ಮುತ್ತು ಹುಟ್ಟುತ್ತದೆ. ಸಮುದ್ರವೇ ಬೇಕೆಂದಿಲ್ಲ, ಸಿಹಿನೀರಿನ ಸಿಂಪಿಯಲ್ಲೂ ಮುತ್ತು ಬೆಳೆಸುತ್ತಾರೆ.

ಇನ್ನೊಂದು ವಾದ ಗುಂಡಿಯದು. ಪ್ಲಾಸ್ಟಿಕ್ ಬರುವ ಮೊದಲು ಅಂಗಿಯ ಗುಂಡಿಗಳನ್ನು ಸಿಂಪಿನಿಂದಲೂ ಕೊರೆಯುತ್ತಿದ್ದರು, ಅದನ್ನು ಹಚ್ಚುವವನೇ ಸಿಂಪಿ ಎಂಬುದು. ಕೇಳಲು ಚೆಂದ, ಆದರೆ ಕಾಲ ಹೊಂದುವುದಿಲ್ಲ. 1270ರಲ್ಲಿ ಹುಟ್ಟಿದರೆನ್ನುವ ಸಂತ ನಾಮದೇವರು ಶಿಂಪಿ ಮನೆತನದವರು. ಗುಂಡಿಯ ಅಂಗಿ ನಮ್ಮಲ್ಲಿ ಮನೆಮಾತಾದದ್ದು ಬಹಳ ಈಚೆಗೆ. ದಕ್ಷಿಣದಲ್ಲಿ ದರ್ಜಿಗೆ ಚಿಪ್ಪಿಗ ಎಂಬ ಹೆಸರೂ ಇರುವುದು ಈ ಗೊಂದಲಕ್ಕೆ ಇನ್ನಷ್ಟು ಇಂಬು ಕೊಟ್ಟಿರಬೇಕು. ಉಚ್ಚಾರ ಒಂದಾದ ಮಾತ್ರಕ್ಕೆ ಪದ ಒಂದಾಗುವುದಿಲ್ಲ. ನಿಘಂಟು ಮಾಡುವವರು ಒಂದೇ ಸಿಂಪಿಯ ಕೆಳಗೆ ಎರಡು ಅರ್ಥ ಬರೆದು ಮುಗಿಸದೆ, ಎರಡು ಸಿಂಪಿಗಳನ್ನು ಬೇರೆ ಬೇರೆ ನಮೂದಿಸಬೇಕು.