ತುಳುನಾಡಿನ ನಾಗಬನ: ಜಲದೈವದ ಆರಾಧನೆ ಮತ್ತು ಶರಣರ ಪ್ರಶ್ನೆ

ನಾಗಾರಾಧನೆಯನ್ನು ಕುರಿತು ಬಸವಣ್ಣನವರು ಎತ್ತಿದ ಪ್ರಶ್ನೆ ವಚನಸಾಹಿತ್ಯದ ಅಭ್ಯಾಸಿಗಳೆಲ್ಲರಿಗೂ ಪರಿಚಿತವಾದುದು. ಶಿಲೆಯಲ್ಲಿ ಕಂಡರಿಸಿದ ಸರ್ಪಕ್ಕೆ ಕ್ಷೀರವನ್ನು ಅರ್ಪಿಸುವ ಭಕ್ತನೇ ಜೀವಂತ ಸರ್ಪವು ಎದುರಾದಾಗ ಅದನ್ನು ಬಡಿಯಲು ಮುಂದಾಗುತ್ತಾನೆ; ಹಸಿದು ಬಂದ ಜಂಗಮನನ್ನು ಬಾಗಿಲಿನಿಂದ ಅಟ್ಟಿ, ಉಣ್ಣಲಾರದ ಲಿಂಗದ ಮುಂದೆ ಎಡೆಯಿಡುತ್ತಾನೆ ಎಂಬುದು ಅದರ ತಾತ್ಪರ್ಯ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಟ್ಟಿದ ಈ ಪ್ರಶ್ನೆಯನ್ನು ಘಟ್ಟದ ಕೆಳಗಿನ ತುಳುನಾಡಿಗೆ ಒಯ್ದು ಪರಿಶೀಲಿಸಿದರೆ ದೊರೆಯುವ ಉತ್ತರವು ಅಷ್ಟು ಸರಳವಾಗಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ನಾಗನ ಮೂಲನೆಲೆ ಗುಡಿಯಲ್ಲ, ಬನ. ಗದ್ದೆಬಯಲಿನ ಅಂಚಿನಲ್ಲಿ, ತೋಟದ ಮೂಲೆಯಲ್ಲಿ, ಹಲವೆಡೆ ಕೆರೆ ತೋಡುಗಳ ಸನಿಹದಲ್ಲಿ ಬಳ್ಳಿ ಮರಗಳು ದಟ್ಟವಾಗಿ ಹೆಣೆದುಕೊಂಡ ತುಂಡು ಕಾಡನ್ನು ನಾಗನಿಗೆಂದೇ ಬಿಟ್ಟಿರುತ್ತಾರೆ. ಅಲ್ಲಿ ಕೊಡಲಿ ಆಡಕೂಡದು. ಒಣಗಿದ ಕಡ್ಡಿಯನ್ನೂ ಮನೆಗೆ ತರಬಾರದು. ವರ್ಷಕ್ಕೊಮ್ಮೆ, ಮಳೆಗಾಲದ ನಡುವೆ ಬರುವ ಶ್ರಾವಣ ಶುದ್ಧ ಪಂಚಮಿಯಂದು, ಕುಟುಂಬದವರು ಕೂಡಿ ಹಾಲು, ಎಳನೀರು, ಅರಸಿನ, ಹಿಂಗಾರಗಳೊಂದಿಗೆ ಅಲ್ಲಿಗೆ ಬಂದು ತನು ಎರೆಯುತ್ತಾರೆ. ತಂಬಿಲ, ಆಶ್ಲೇಷಾ ಬಲಿ ಮೊದಲಾದ ಸೇವೆಗಳೂ ಉಂಟು. ದೊಡ್ಡ ಸೇವೆಯಾದ ನಾಗಮಂಡಲದಲ್ಲಿ ಪಂಚವರ್ಣದ ಹುಡಿಯಿಂದ ಮಂಡಲ ಬರೆದು, ಅದರ ಸುತ್ತ ನಾಗಪಾತ್ರಿಯೂ ನಾಗಕನ್ನಿಕೆಯ ವೇಷದ ವೈದ್ಯರೂ ಇರುಳಿಡೀ ನರ್ತಿಸುತ್ತಾರೆ. ಆಲಡೆಗಳೆಂಬ ಪ್ರಾಚೀನ ಸ್ಥಾನಗಳಲ್ಲಿ ನಾಗನು ಬೆರ್ಮೆರ್, ರಕ್ತೇಶ್ವರಿ, ನಂದಿಗೋಣ, ಕ್ಷೇತ್ರಪಾಲರೊಡನೆ ನೆಲೆಸಿದ್ದಾನೆ.

ಎರೆಯುವ ವಸ್ತುಗಳೆಲ್ಲವೂ ತಂಪಿನವು ಎಂಬುದು ಇಲ್ಲಿ ಗಮನಾರ್ಹ. ನಾಗನು ನೆಲದ ದೈವವಾಗಿರುವಂತೆಯೇ ನೀರಿನ ದೈವವೂ ಹೌದು. ಯಮುನೆಯ ಮಡುವಿನ ಕಾಳಿಯನ ಕಥೆಯಿಂದ ಮೊದಲ್ಗೊಂಡು, ಕಾಶ್ಮೀರದ ಸರೋವರಗಳಿಗೂ ಚಿಲುಮೆಗಳಿಗೂ ನಾಗರನ್ನೇ ಅಧಿದೇವತೆಗಳನ್ನಾಗಿ ಹೇಳುವ ನೀಲಮತ ಪುರಾಣದವರೆಗೆ ಈ ಭಾವನೆ ಹಬ್ಬಿದೆ. ಪರಶುರಾಮನು ಕಡಲಿನಿಂದ ಪಡೆದ ನೆಲದಲ್ಲಿ ನೀರು ಉಪ್ಪಾಗಿತ್ತು, ಅದನ್ನು ಸಿಹಿ ಮಾಡಿದವರು ನಾಗರು ಎಂಬ ಐತಿಹ್ಯ ಕೇರಳದ ಕಡೆ ಇದೆ. ಕರಾವಳಿಯ ಕೃಷಿಕನಿಗೆ ಇದು ಬರಿಯ ಕಥೆಯಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ನಾಡಿನಲ್ಲಿ ಮುರಕಲ್ಲಿನ ನೆಲವು ನೀರನ್ನು ಬೇಗನೆ ಬಸಿದುಬಿಡುತ್ತದೆ. ಬೇಸಗೆಯಲ್ಲಿ ಬಾವಿಗಳು ತಳ ಕಾಣುತ್ತವೆ. ಬಂಟ್ವಾಳ ತಾಲೂಕಿನ ವಿಟ್ಲದ ಕಡೆ ಗುಡ್ಡದೊಳಕ್ಕೆ ಅಡ್ಡಲಾಗಿ ಸುರಂಗ ಕೊರೆದು ಒರತೆಯನ್ನು ಹುಡುಕುವ ಪದ್ಧತಿ ಬೆಳೆದುದು ಈ ಕಾರಣದಿಂದಲೇ. ಅದೇ ಬಂಟ್ವಾಳವು 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯ ಮಹಾನೆರೆಯನ್ನು ಕಂಡಿತು. ನೀರು ಕೊಡುವ ಶಕ್ತಿಯೇ ಮುಳುಗಿಸುವ ಶಕ್ತಿಯೂ ಆದಾಗ ಅದನ್ನು ತಣಿಸಬೇಕೆಂಬ ಭಾವ ಜನಮನದಲ್ಲಿ ಬೇರೂರುವುದು ಸಹಜ.

ಇನ್ನು ಬಸವಣ್ಣನವರ ಪ್ರಶ್ನೆಯ ಮುಖ್ಯಾಂಶಕ್ಕೆ ಬರಬಹುದು. ಕಲ್ಲನ್ನು ಪೂಜಿಸಿ ಜೀವವನ್ನು ಕೊಲ್ಲುವ ದೋಷವು ತುಳುನಾಡಿನ ಹಳೆಯ ಆಚಾರಕ್ಕೆ ತಗಲುವುದಿಲ್ಲ. ಇಲ್ಲಿ ನಾಗರಹಾವನ್ನು ಕೊಲ್ಲುವುದು ಮಹಾಪಾತಕ. ಸತ್ತ ನಾಗರಹಾವು ಕಣ್ಣಿಗೆ ಬಿದ್ದರೆ ಅದನ್ನು ಹಾಗೆಯೇ ಬಿಟ್ಟು ಹೋಗುವಂತಿಲ್ಲ. ಮನುಷ್ಯನಿಗೆ ಮಾಡುವಂತೆಯೇ ಅದಕ್ಕೆ ದಹನಸಂಸ್ಕಾರ ಮಾಡಿಸಬೇಕು. ಸಂಸ್ಕಾರ ಮಾಡಿದವರು ಸೂತಕವನ್ನು ಆಚರಿಸುವುದೂ ಉಂಟು.

ಕುತೂಹಲದ ಸಂಗತಿಯೆಂದರೆ, ಈ ಆಚಾರಕ್ಕೆ ಅತ್ಯಂತ ಸಮೀಪದ ಹೋಲಿಕೆ ದೊರೆಯುವುದು ಪಶ್ಚಿಮ ಆಫ್ರಿಕಾದ ನೈಜೀರಿಯಾದಲ್ಲಿ. ಅಲ್ಲಿಯ ಇಗ್ಬೋ ಜನರು ನದಿ ಸರೋವರಗಳಲ್ಲಿ ದೇವಿಯರು ನೆಲೆಸಿರುವರೆಂದು ನಂಬುತ್ತಾರೆ. ಇದೆಮಿಲಿ ಎಂಬ ನದೀದೇವತೆಗೆ ಹೆಬ್ಬಾವು ಪವಿತ್ರ. ಅದು ಮನೆಯೊಳಗೆ ಬಂದರೂ ಯಾರೂ ಹೊಡೆಯುವಂತಿಲ್ಲ. ಅರಿಯದೆ ಕೊಂದವನು ಅದಕ್ಕೆ ಮನುಷ್ಯನಿಗೆ ತಕ್ಕ ಉತ್ತರಕ್ರಿಯೆಯನ್ನು ನಡೆಸಬೇಕು. ಚಿನುವಾ ಅಚೆಬೆಯವರು 1964ರಲ್ಲಿ ಪ್ರಕಟಿಸಿದ ‘ಆ್ಯರೋ ಆಫ್ ಗಾಡ್’ ಕಾದಂಬರಿಯಲ್ಲಿ, ಕ್ರೈಸ್ತ ಶಾಲೆಗೆ ಹೋದ ಪೂಜಾರಿಯ ಮಗನು ಹೆಬ್ಬಾವನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿದುದೇ ಊರಿನ ಕ್ಷೋಭೆಗೆ ಕಾರಣವಾಗುತ್ತದೆ. ಓಗುಟಾ ಸರೋವರದ ದೇವಿಯನ್ನು ಫ್ಲೋರಾ ನ್ವಾಪಾ ಅವರು 1966ರ ‘ಎಫುರು’ ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ. ಪರಸ್ಪರ ಸಂಪರ್ಕವಿತ್ತೆಂದು ಊಹಿಸುವ ಅಗತ್ಯವಿಲ್ಲ. ನೀರಿನ ಬದಿಯ ಪೊದೆಯಲ್ಲಿ ವಾಸಿಸುವ ಹಾವನ್ನು ನೀರಿನ ಒಡೆಯನೆಂದು ಬಗೆಯುವುದು ಎರಡು ಕೃಷಿಕ ಸಮಾಜಗಳಿಗೆ ಬೇರೆ ಬೇರೆಯಾಗಿಯೇ ಹೊಳೆಯಬಹುದಾದ ವಿಚಾರ.

ತುಳುನಾಡಿಗೆ ಬಂದ ಮತಗಳು ಈ ನಾಗನನ್ನು ಹೊರದೂಡಲಿಲ್ಲ. ಮೂಡುಬಿದಿರೆಯ ಗುರುಬಸದಿಯ ಮೂಲನಾಯಕನಾದ ಪಾರ್ಶ್ವನಾಥನ ಶಿರದ ಮೇಲೆ ಹೆಡೆಯೆತ್ತಿ ನಿಂತವನು ನಾಗನೇ. ಧರಣೇಂದ್ರ ಪದ್ಮಾವತಿಯರು ಜೈನರ ನಾಗದಂಪತಿಗಳು. ಹದಿನೆಂಟು ಬಸದಿ, ಹದಿನೆಂಟು ದೇವಾಲಯ, ಹದಿನೆಂಟು ಕೆರೆಗಳ ಊರೆಂದು ಮೂಡುಬಿದಿರೆಯನ್ನು ಜನ ಎಣಿಸುವಾಗ ಕೆರೆಗಳನ್ನೂ ದೇವರ ಸಾಲಿನಲ್ಲಿಯೇ ಸೇರಿಸಿರುವುದು ಮನನೀಯ. ಬಂಟ್ವಾಳ ತಾಲೂಕಿನ ಕಾರಿಂಜದಲ್ಲಿ ಬಂಡೆಯ ಬೆಟ್ಟದ ಈಶ್ವರನ ಹಿರಿಮೆಯಲ್ಲಿ ಗದಾತೀರ್ಥವೇ ಮೊದಲಾದ ಜಲಗಳಿಗೂ ಪಾಲುಂಟು. ಚೌಟರು, ಬಂಗರು, ಅಜಿಲರು ಮೊದಲಾದ ಜೈನ ಅರಸರ ಮೇಲೆ ಅಧಿಪತ್ಯ ನಡೆಸಿದ ಕೆಳದಿಯ ನಾಯಕರು ವೀರಶೈವರು. 1763ರಲ್ಲಿ ಹೈದರನು ಬಿದನೂರನ್ನು ಹಿಡಿಯುವವರೆಗೆ ಅವರ ಆಳ್ವಿಕೆ ಇತ್ತು. ಕೊಲ್ಲೂರು ಶೃಂಗೇರಿಗಳಿಗೂ ನಡೆದುಕೊಂಡ ಆ ಅರಸರ ರಾಜಧರ್ಮದಲ್ಲಿ ಪರರ ಆರಾಧನೆಗೆ ಎಡೆಯಿತ್ತು. ಕಂಡ ನೀರಿನಲ್ಲೆಲ್ಲ ಮುಳುಗಿ ಏಳುವ ತೀರ್ಥಯಾತ್ರೆಯನ್ನು ಶರಣರು ಒಪ್ಪಲಿಲ್ಲವೆಂಬುದು ನಿಜ. ಆದರೆ ಅಷ್ಟಾವರಣಗಳಲ್ಲಿ ಪಾದೋದಕವೂ ಒಂದೆಂಬುದನ್ನು ಮರೆಯಲಾಗದು. ಅವರು ನಿರಾಕರಿಸಿದುದು ನೀರಿನ ಪಾವಿತ್ರ್ಯವನ್ನಲ್ಲ, ಅಂತರಂಗ ಶುದ್ಧಿಯಿಲ್ಲದ ಆಚಾರವನ್ನು.

ಈಚಿನ ದಶಕಗಳಲ್ಲಿ ಪರಿಸ್ಥಿತಿ ಬದಲಾಗಿದೆ. 1974ರ ಭೂಸುಧಾರಣೆಯ ಬಳಿಕ ಭೂಮಿ ಕೈಬದಲಾಯಿತು. ಅಳಿಯಸಂತಾನದ ಕೂಡುಕುಟುಂಬಗಳು ಪಾಲಾದುವು. ಕುಟುಂಬದ ಬನ ಒಬ್ಬರ ಜಾಗದಲ್ಲಿ, ಅದನ್ನು ನಂಬಿದವರು ಬೇರೆ ಊರುಗಳಲ್ಲಿ ಎಂಬಂತಾಯಿತು. ಜೀರ್ಣೋದ್ಧಾರದ ಹೆಸರಿನಲ್ಲಿ ಅನೇಕ ಕಡೆ ಮರಗಳನ್ನು ಕಡಿದು, ಕಾಂಕ್ರೀಟಿನಿಂದಲೋ ಕರಿಗಲ್ಲಿನಿಂದಲೋ ಕಟ್ಟೆ ಕಟ್ಟಿ, ಸುತ್ತ ನೆಲಕ್ಕೆ ಹಾಸು ಹಾಕಿ, ನಾಗಶಿಲೆಗಳನ್ನು ಬಿಸಿಲಿಗೆ ತಂದು ನಿಲ್ಲಿಸಲಾಗಿದೆ. ತರಗೆಲೆ ಬೀಳದಿರುವುದನ್ನೇ ಶುದ್ಧಿಯೆಂದು ಭಾವಿಸಿದವರೂ ಉಂಟು. ಹಾಲೆರೆಯುವ ಸೇವೆ ಮೊದಲಿಗಿಂತ ವೈಭವದಿಂದಲೇ ಜರುಗುತ್ತಿದೆ. ಹುತ್ತವಿಲ್ಲ, ನೆರಳಿಲ್ಲ, ಮಳೆನೀರು ಇಂಗುವ ಮಣ್ಣಿಲ್ಲ, ಹಾವಿಗೆ ಎಡೆಯಿಲ್ಲ. ಕಲ್ಯಾಣದ ಪ್ರಶ್ನೆ ತುಳುನಾಡಿನ ಹಿರಿಯರಿಗೆ ತಗಲದೆ ಹೋಗಿದ್ದರೂ ಅವರ ಮೊಮ್ಮಕ್ಕಳಿಗೆ ನೇರವಾಗಿ ತಗಲುತ್ತದೆ ಎನ್ನಬೇಕಾಗಿದೆ.

ಇದಕ್ಕೆ ಬೇರೆ ಬಗೆಯ ನಿದರ್ಶನವೊಂದು ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿದೆ. ಕಪಿಲಾ ನದಿಯ ದಡದ ಶಿಶಿಲೇಶ್ವರನ ಸನ್ನಿಧಿಯಲ್ಲಿ ಹೊಳೆಯ ದೊಡ್ಡ ಮೀನುಗಳೇ ದೇವರ ಮೀನುಗಳು. ಮತ್ಸ್ಯತೀರ್ಥವೆಂದೇ ಅದಕ್ಕೆ ಪ್ರಸಿದ್ಧಿ. ಭಕ್ತರು ಹರಕೆ ಹೊತ್ತು ಅವುಗಳಿಗೆ ಅಕ್ಕಿಯನ್ನೋ ಹೊದಲನ್ನೋ ಹಾಕುತ್ತಾರೆ; ಹಿಡಿಯುವವರಿಲ್ಲ. 1996ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷವಿಕ್ಕಿ ಸಾವಿರಾರು ಮೀನುಗಳನ್ನು ಕೊಂದರು. ಊರವರು ಆ ಮೀನುಗಳ ನೆನಪಿಗೆ ಅಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿದರು. ಮುಂದೆ ಮಡುವಿನಲ್ಲಿ ಮೀನುಗಳು ಮತ್ತೆ ತುಂಬಿಕೊಂಡುವು; ಪೂಜೆ ಮುಗಿಸಿದ ಭಕ್ತರು ಮೆಟ್ಟಿಲಿಳಿದು ಬಂದು ಆಹಾರ ಚೆಲ್ಲಿದಾಗ ಅವು ಕಾಲಿನ ಬಳಿಗೇ ಬರುತ್ತವೆ.