ಚರ್ಮದ ತೊಂದರೆಗಳಿಗೆಲ್ಲ ಬಿ-ಕಾಂಪ್ಲೆಕ್ಸ್ ಮದ್ದಲ್ಲ: ಯಾವ ಜೀವಸತ್ವ, ಯಾರಿಗೆ, ಎಷ್ಟು?

ಪುತ್ತೂರು: ಬಾಯಿಯ ಅಂಚು ಬಿರಿದರೆ ಬಿ-ಕಾಂಪ್ಲೆಕ್ಸ್, ಮಗುವಿನ ಕೆನ್ನೆಯಲ್ಲಿ ಬಿಳಿಚಿದ ಮಚ್ಚೆ ಕಂಡರೆ ಬಿ-ಕಾಂಪ್ಲೆಕ್ಸ್, ಕೂದಲು ಉದುರಿದರೆ ಬಯೋಟಿನ್. ಪುತ್ತೂರು, ಸುಳ್ಯ ಹಾಗೂ ಈ ಎರಡು ತಾಲೂಕುಗಳ ಗ್ರಾಮಗಳನ್ನು ಬೇರ್ಪಡಿಸಿ ರಚಿಸಲಾದ ಕಡಬದಲ್ಲಿ ಮಾತ್ರವಲ್ಲ, ರಾಜ್ಯದ ಯಾವ ಊರಿನ ಔಷಧದಂಗಡಿಯಲ್ಲಿಯೂ ಈ ಮಾತ್ರೆಗಳು ಸುಲಭವಾಗಿ ಕೈಗೆ ಸಿಗುತ್ತವೆ. ಕೊರತೆಯಿಂದ ಬಂದ ಚರ್ಮದ ತೊಂದರೆಗೆ ಇವು ನಿಜವಾದ ಮದ್ದು. ಕೊರತೆಯೇ ಇಲ್ಲದಿದ್ದಲ್ಲಿ ಪ್ರಯೋಜನ ಅತ್ಯಲ್ಪ. ಕೆಲವೊಮ್ಮೆ ಹಾನಿಯೂ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ, ಮಾತ್ರೆಯನ್ನು ನಂಬಿ ಕುಳಿತಾಗ ಬೇರೊಂದು ಕಾಯಿಲೆ ಬೆಳೆಯುವ ಅಪಾಯವಿದೆ.

ಒಂದಲ್ಲ, ಎಂಟು

ಬಿ ಎಂಬುದು ಒಂದೇ ಜೀವಸತ್ವದ ಹೆಸರಲ್ಲ. ಥಯಾಮಿನ್ (ಬಿ1), ರೈಬೋಫ್ಲೇವಿನ್ (ಬಿ2), ನಯಾಸಿನ್ (ಬಿ3), ಪ್ಯಾಂಟೊಥೆನಿಕ್ ಆಮ್ಲ (ಬಿ5), ಪಿರಿಡಾಕ್ಸಿನ್ (ಬಿ6), ಬಯೋಟಿನ್ (ಬಿ7), ಫೋಲಿಕ್ ಆಮ್ಲ (ಬಿ9) ಮತ್ತು ಕೊಬಾಲಮಿನ್ (ಬಿ12) ಸೇರಿದ ಎಂಟರ ಗುಂಪಿದು. ಎಲ್ಲವೂ ನೀರಿನಲ್ಲಿ ಕರಗುವಂಥವು. ಬಿ-ಕಾಂಪ್ಲೆಕ್ಸ್ ನುಂಗಿದ ಬಳಿಕ ಮೂತ್ರ ಕಡು ಹಳದಿಯಾಗುವುದು ರೈಬೋಫ್ಲೇವಿನ್ ಹೊರಹೋಗುವುದರಿಂದ, ಅದಕ್ಕೆ ಹೆದರಬೇಕಿಲ್ಲ. ಆದರೆ ನೀರಿನಲ್ಲಿ ಕರಗುತ್ತದೆ, ಆದ್ದರಿಂದ ಎಷ್ಟು ತಿಂದರೂ ಬಾಧಕವಿಲ್ಲ ಎಂಬ ತಿಳಿವಳಿಕೆ ತಪ್ಪು.

ಕೊರತೆಯ ಗುರುತುಗಳು

ರೈಬೋಫ್ಲೇವಿನ್ ಕಡಿಮೆಯಾದಾಗ ಬಾಯಿಯ ಎರಡೂ ಮೂಲೆಗಳು ಬಿರಿಯುತ್ತವೆ, ನಾಲಿಗೆ ಕೆಂಪಾಗಿ ಉರಿಯುತ್ತದೆ, ಮೂಗಿನ ಪಕ್ಕದಲ್ಲಿ ಜಿಡ್ಡಿನ ಹೊಟ್ಟು ಏಳುತ್ತದೆ. ಪಿರಿಡಾಕ್ಸಿನ್ ಕೊರತೆಯೂ ಇದೇ ರೀತಿ ಕಾಣಿಸಬಹುದು. ಬಿ12 ಕೊರತೆಯಲ್ಲಿ ಕೈಬೆರಳ ಗೆಣ್ಣುಗಳು ಕಪ್ಪಾಗುವುದುಂಟು. ಜತೆಗೆ ಆಯಾಸ, ಕೈಕಾಲು ಜೋಮು ಇರಬಹುದು.

ನಯಾಸಿನ್ ಕೊರತೆಯಿಂದ ಬರುವ ಪೆಲ್ಲಾಗ್ರಾ ಇವುಗಳಲ್ಲಿ ಅತ್ಯಂತ ಗಂಭೀರ. ಬಿಸಿಲು ಬೀಳುವ ಕುತ್ತಿಗೆ, ಮುಂಗೈ ಮತ್ತು ಪಾದಗಳಲ್ಲಿ ಎರಡೂ ಬದಿ ಒಂದೇ ತೆರನಾಗಿ ಚರ್ಮ ಕಪ್ಪಾಗಿ ಒರಟಾಗುತ್ತದೆ. ಅತಿಸಾರ ಹಾಗೂ ಮನೋವಿಕಲತೆ ಹಿಂಬಾಲಿಸುತ್ತವೆ. ದಖನ್ನಿನಲ್ಲಿ ಜೋಳವನ್ನೇ ಮುಖ್ಯ ಆಹಾರವಾಗಿ ಉಣ್ಣುವವರಲ್ಲಿ ಈ ರೋಗವನ್ನು ಗುರುತಿಸಿ ಅಭ್ಯಸಿಸಿದವರು ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ. ಜೋಳದಲ್ಲಿರುವ ಲ್ಯೂಸಿನ್ ಅಂಶದೊಂದಿಗೆ ಅದಕ್ಕೆ ನಂಟಿರಬಹುದೆಂದು ಅವರು 1960ರಲ್ಲಿ ಮಂಡಿಸಿದರು. ಇಂದು ಪೆಲ್ಲಾಗ್ರಾ ಮುಖ್ಯವಾಗಿ ಅತಿಯಾದ ಮದ್ಯಪಾನಿಗಳಲ್ಲಿ ಕಂಡುಬರುತ್ತದೆ. ಕ್ಷಯಕ್ಕೆ ಐಸೋನಿಯಾಜಿಡ್ ಸೇವಿಸುವವರಲ್ಲಿಯೂ ಅಪರೂಪಕ್ಕೆ ಕಾಣಿಸಬಹುದು. ದಿನಕ್ಕೆ 300 ಮಿಲಿಗ್ರಾಂ ನಿಕೋಟಿನಮೈಡನ್ನು ಹಲವು ಬಾರಿಯಾಗಿ ಹಂಚಿ, ಮೂರ್ನಾಲ್ಕು ವಾರ ಕೊಡುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದು ವೈದ್ಯರ ನಿಗಾದಲ್ಲಿ ಮಾತ್ರ ನಡೆಯತಕ್ಕದ್ದು.

ಕೊರತೆಯಲ್ಲದ ತೊಂದರೆಗಳು

ಈ ಮೂರು ತಾಲೂಕುಗಳ ಬದುಕು ಅಡಿಕೆ, ರಬ್ಬರು, ಗೇರು ಮತ್ತು ಮಳೆಯೊಡನೆ ಹೆಣೆದುಕೊಂಡಿದೆ. ಕೊಳೆರೋಗ ತಡೆಯಲು ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತು ಮತ್ತು ಸುಣ್ಣ, ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಮ್ಲ, ಗೇರುಬೀಜದ ಸಿಪ್ಪೆಯ ಎಣ್ಣೆ ಇವೆಲ್ಲ ಚರ್ಮವನ್ನು ಕೆರಳಿಸುವ ಅಥವಾ ಸುಡುವ ವಸ್ತುಗಳು. ಇವುಗಳಿಂದಾದ ಗಾಯಕ್ಕೆ ಕೈಗವಸು, ಶುದ್ಧ ನೀರು ಮತ್ತು ಸೂಕ್ತ ಲೇಪನ ಬೇಕೇ ಹೊರತು ಜೀವಸತ್ವವಲ್ಲ. ಮಳೆಗಾಲದಲ್ಲಿ ಬೆರಳ ಸಂದಿ ಕೊಳೆಯುವುದು, ತೊಡೆಸಂದಿಯ ಹುಳುಕಡ್ಡಿ, ಬೆನ್ನಿನ ಚಿಬ್ಬು ಶಿಲೀಂಧ್ರದ ಸೋಂಕುಗಳು. ರಾತ್ರಿ ತುರಿಕೆ ಹೆಚ್ಚಿ ಮನೆಮಂದಿಗೆಲ್ಲ ಹರಡುವ ಕಜ್ಜಿ ಒಂದು ಸೂಕ್ಷ್ಮ ನುಸಿಯ ಕಾಟ. ಮಕ್ಕಳ ಕೆನ್ನೆಯ ಬಿಳಿಚಿದ ಮಚ್ಚೆ ಹೆಚ್ಚಿನ ಸಂದರ್ಭಗಳಲ್ಲಿ ಒಣಚರ್ಮದ ಒಂದು ಬಗೆ; ಕ್ರಮೇಣ ತಾನಾಗಿಯೇ ಮಾಯುತ್ತದೆ.

ಸ್ಪರ್ಶಜ್ಞಾನವಿಲ್ಲದ, ಬಿಳಿಚಿದ ಅಥವಾ ಕೆಂಪಗಿನ ಮಚ್ಚೆಯ ವಿಷಯದಲ್ಲಿ ಮಾತ್ರ ಒಂದು ದಿನವನ್ನೂ ಕಳೆಯಬಾರದು. ಅದು ಕುಷ್ಠರೋಗದ ಆರಂಭವಿರಬಹುದು. ಸರಕಾರಿ ಆಸ್ಪತ್ರೆಗಳಲ್ಲಿ ಬಹುಔಷಧ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ ಮತ್ತು ರೋಗ ಸಂಪೂರ್ಣ ಗುಣವಾಗುತ್ತದೆ. ಜೋಮಿಗೆ ಜೀವಸತ್ವದ ಕೊರತೆಯೇ ಕಾರಣವೆಂದು ಭಾವಿಸಿ ತಿಂಗಳುಗಟ್ಟಲೆ ಮಾತ್ರೆ ನುಂಗಿದರೆ ಅಷ್ಟರಲ್ಲಿ ನರಕ್ಕಾದ ಹಾನಿ ಮರಳಿ ಸರಿಯಾಗದಿರಬಹುದು.

ರೂಪಗಳು ಮತ್ತು ಎಚ್ಚರಿಕೆಗಳು

ಬಿ-ಕಾಂಪ್ಲೆಕ್ಸ್: ಕ್ಯಾಪ್ಸೂಲ್, ಮಾತ್ರೆ, ಸಿರಪ್ ರೂಪದಲ್ಲಿ ಲಭ್ಯ. ಬಾಯಿಹುಣ್ಣಿಗೆ ಕೆಲವು ದಿನ ಸೇವಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಎರಡು ವಾರದಲ್ಲಿ ಗುಣ ಕಾಣದಿದ್ದರೆ ಕಾರಣ ಬೇರೆಯೇ ಇರಬಹುದು.

ನಯಾಸಿನ್: ನಿಕೋಟಿನಿಕ್ ಆಮ್ಲ ಮತ್ತು ನಿಕೋಟಿನಮೈಡ್ ಎಂಬ ಎರಡು ರೂಪಗಳಿವೆ. ಮೊದಲನೆಯದು ಸುಮಾರು 30ರಿಂದ 50 ಮಿಲಿಗ್ರಾಮಿಗೇ ಮುಖ ಕೆಂಪೇರಿಸಿ ಉರಿ ತರಬಲ್ಲದು. ದೊಡ್ಡ ಪ್ರಮಾಣ ಯಕೃತ್ತಿಗೆ ಹಾನಿಕರ. ಎರಡನೆಯದಕ್ಕೆ ಆ ಉರಿಯಿಲ್ಲ. ಮೊಡವೆಗೆ ಹಚ್ಚುವ ಶೇ. 4ರ ಜೆಲ್‌ನಲ್ಲಿರುವುದು ನಿಕೋಟಿನಮೈಡ್. ಆಸ್ಟ್ರೇಲಿಯದಲ್ಲಿ 386 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ ಎರಡು ಬಾರಿ 500 ಮಿಲಿಗ್ರಾಂ ನಿಕೋಟಿನಮೈಡ್ ಸೇವಿಸಿದವರಲ್ಲಿ ಮೆಲನೋಮಾ ಹೊರತಾದ ಚರ್ಮದ ಕ್ಯಾನ್ಸರ್ ಪ್ರಕರಣಗಳು ಶೇ. 23ರಷ್ಟು ಕಡಿಮೆಯಾದವು. ಆದರೆ ಅವರೆಲ್ಲ ಆ ಮುನ್ನವೇ ಅಂಥ ಕ್ಯಾನ್ಸರಿಗೆ ತುತ್ತಾಗಿದ್ದವರು. ಮಾತ್ರೆ ನಿಲ್ಲಿಸಿದ ಬಳಿಕ ಪ್ರಯೋಜನ ಉಳಿಯಲಿಲ್ಲ. ಎಲ್ಲರಿಗೂ ಅನ್ವಯಿಸುವ ಮಾತು ಅದಲ್ಲ.

ಪಿರಿಡಾಕ್ಸಿನ್: ವಯಸ್ಕರಿಗೆ ದಿನಕ್ಕೆ ಬೇಕಾಗುವುದು ಸುಮಾರು 2 ಮಿಲಿಗ್ರಾಂ. ಅಮೆರಿಕದಲ್ಲಿ ಇದರ ಗರಿಷ್ಠ ಮಿತಿ 100 ಮಿಲಿಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಅದನ್ನು 12 ಮಿಲಿಗ್ರಾಮಿಗೆ ಇಳಿಸಿತು. ದೀರ್ಘಕಾಲ ಅತಿಯಾಗಿ ಸೇವಿಸಿದರೆ ಕೈಕಾಲುಗಳಲ್ಲಿ ಜೋಮು, ಉರಿ, ನಡಿಗೆಯಲ್ಲಿ ತೊಡಕು ಉಂಟಾಗಬಹುದು. ಜೋಮು ಹೋಗಲೆಂದು ನುಂಗಿದ ಮಾತ್ರೆಯೇ ಜೋಮಿಗೆ ಕಾರಣವಾಗುವ ಸಾಧ್ಯತೆ ಇದು. ಆದರೆ ಕ್ಷಯರೋಗಿಗಳಿಗೆ ವೈದ್ಯರು ಕೊಡುವ ಪಿರಿಡಾಕ್ಸಿನ್ ನರಗಳ ರಕ್ಷಣೆಗಾಗಿ ಇರುವುದರಿಂದ ಅದನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.

ಬಯೋಟಿನ್: ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು. ಕೂದಲು, ಉಗುರಿಗೆಂದು ಮಾರುವ ಮಾತ್ರೆಗಳಲ್ಲಿ 10 ಮಿಲಿಗ್ರಾಂ, ಅಂದರೆ ಅದರ ಮುನ್ನೂರು ಪಟ್ಟಿಗೂ ಹೆಚ್ಚು ಇರುವುದುಂಟು. ಕೊರತೆ ಇಲ್ಲದವರಲ್ಲಿ ಇದು ಕೂದಲು ಬೆಳೆಸುತ್ತದೆಂಬುದಕ್ಕೆ ದೃಢ ಆಧಾರವಿಲ್ಲ. ಥೈರಾಯ್ಡ್ ಪರೀಕ್ಷೆ ಮತ್ತು ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯ ಫಲಿತಾಂಶವನ್ನು ಇದು ದಾರಿತಪ್ಪಿಸಬಲ್ಲದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರ ನವೆಂಬರಿನಲ್ಲಿ ಎಚ್ಚರಿಸಿತು. ರಕ್ತಪರೀಕ್ಷೆಗೆ ಮುನ್ನ ಬಯೋಟಿನ್ ಸೇವನೆಯನ್ನು ತಿಳಿಸುವುದು ಅವಶ್ಯ.

ಬಿ12: ಸಯನೊಕೊಬಾಲಮಿನ್, ಮಿಥೈಲ್‌ಕೊಬಾಲಮಿನ್ ಮಾತ್ರೆ ಹಾಗೂ ಚುಚ್ಚುಮದ್ದಿನ ರೂಪದಲ್ಲಿದೆ. ದಿನದ ಅಗತ್ಯ ಸುಮಾರು 2.5 ಮೈಕ್ರೋಗ್ರಾಂ. ಹೊಟ್ಟೆ ಅಥವಾ ಕರುಳು ಹೀರಿಕೊಳ್ಳದ ಸ್ಥಿತಿಯಲ್ಲಿ ಚುಚ್ಚುಮದ್ದು ಬೇಕಾಗಬಹುದು. ಕೆಲವರಿಗೆ ಇದರಿಂದ ಮುಖ, ಎದೆಯ ಮೇಲೆ ಮೊಡವೆ ಏಳುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಬಿ12 ಕೊರತೆಯನ್ನು ಪರೀಕ್ಷಿಸದೆ ಫೋಲಿಕ್ ಆಮ್ಲವನ್ನಷ್ಟೇ ಹೆಚ್ಚಾಗಿ ಸೇವಿಸಿದರೆ ರಕ್ತಹೀನತೆ ಮರೆಯಾಗಿ ನರಹಾನಿ ಮುಂದುವರಿಯಬಹುದು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುವವರು ಬಿ12 ಮಟ್ಟ ಪರೀಕ್ಷಿಸಿಕೊಳ್ಳುವುದು ಒಳಿತು.

ತಟ್ಟೆಯಲ್ಲಿರುವ ಜೀವಸತ್ವ

ಭತ್ತವನ್ನು ನೆನೆಸಿ ಬೇಯಿಸಿ ಒಣಗಿಸುವಾಗ ತವಡಿನಲ್ಲಿರುವ ಬಿ ಜೀವಸತ್ವಗಳ ಒಂದು ಪಾಲು ಕಾಳಿನ ಒಳಗಿಳಿಯುತ್ತದೆ. ಆದ್ದರಿಂದ ತುಳುನಾಡಿನ ಕುಚ್ಚಲಕ್ಕಿಯಲ್ಲಿ, ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಇವು ಹೆಚ್ಚು ಉಳಿಯುತ್ತವೆ. ತಿಳಿ ಬಸಿದು ಚೆಲ್ಲದೆ ಗಂಜಿಯಾಗಿ ಉಂಡರೆ ನೀರಿನಲ್ಲಿ ಕರಗಿದ ಪಾಲೂ ದಕ್ಕುತ್ತದೆ. ಬಂಗುಡೆ, ಬೂತಾಯಿ ಮೀನುಗಳು ನಯಾಸಿನ್ ಮತ್ತು ಬಿ12ರ ಉತ್ತಮ ಮೂಲ. ಸಸ್ಯಾಹಾರಿಗಳಿಗೆ ಬಿ12 ದೊರೆಯುವುದು ಮುಖ್ಯವಾಗಿ ಹಾಲು, ಮೊಸರಿನಿಂದ. ಸೊಪ್ಪು, ಕಾಳುಗಳಲ್ಲಿ ಅದಿಲ್ಲ. ಹಾಲನ್ನೂ ಬಿಟ್ಟವರಿಗೆ ಪೂರಕ ಅನಿವಾರ್ಯ.

ಖರೀದಿಸುವ ಮುನ್ನ

ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಹೊತ್ತ ಪೂರಕಗಳು ಔಷಧಗಳಲ್ಲ. ಔಷಧೀಯ ಬಳಕೆಗಲ್ಲ ಎಂಬ ಸೂಚನೆ ಅವುಗಳ ಮೇಲೆ ಇರಲೇಬೇಕು. ಪ್ರತಿ ಜೀವಸತ್ವದ ಪ್ರಮಾಣವನ್ನು ಓದಿ, ಎರಡು ಬಗೆಯ ಮಾತ್ರೆಗಳಲ್ಲಿ ಒಂದೇ ಅಂಶ ಪುನರಾವರ್ತನೆಯಾಗದಂತೆ ನೋಡಿಕೊಳ್ಳಬೇಕು. ಗರ್ಭಿಣಿಯರು, ಮಕ್ಕಳು, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆಯವರು ಸ್ವಯಂವೈದ್ಯಕ್ಕೆ ಇಳಿಯಬಾರದು. ಚುಚ್ಚುಮದ್ದನ್ನು ವೈದ್ಯರ ಚೀಟಿಯಿಲ್ಲದೆ ಹಾಕಿಸಿಕೊಳ್ಳುವುದು ಸಲ್ಲದು. ಅಪರೂಪಕ್ಕಾದರೂ ತೀವ್ರ ಅಲರ್ಜಿ ಸಂಭವಿಸಬಹುದು.

ಎರಡು ವಾರದಲ್ಲಿ ಮಾಯದ ಗಾಯ, ಹರಡುವ ತುರಿಕೆ, ಸ್ಪರ್ಶವಿಲ್ಲದ ಮಚ್ಚೆ, ಅತಿಸಾರದೊಂದಿಗೆ ಕಪ್ಪಾಗುವ ಚರ್ಮ ಇವುಗಳಲ್ಲಿ ಯಾವುದಿದ್ದರೂ ಪುತ್ತೂರು, ಸುಳ್ಯದ ತಾಲೂಕು ಆಸ್ಪತ್ರೆ, ಕಡಬದ ಸಮುದಾಯ ಆರೋಗ್ಯ ಕೇಂದ್ರ ಅಥವಾ ಸುಳ್ಯದ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬೇಕು. ಹೋಗುವಾಗ ಅಲ್ಲಿಯವರೆಗೆ ನುಂಗಿದ ಮಾತ್ರೆ, ಹಚ್ಚಿದ ಮುಲಾಮುಗಳ ಪೊಟ್ಟಣಗಳನ್ನೂ ಒಯ್ದರೆ ರೋಗನಿರ್ಣಯ ಸುಲಭವಾಗುತ್ತದೆ.