ಹುಲ್ಲಿನ ಬೆಲೆ, ನೀರಿನ ಲೆಕ್ಕ: ಲಾಸ್ ವೇಗಾಸ್‌ನ ಅಂಗಳ ಪರಿವರ್ತನೆಯ ಪ್ರೋತ್ಸಾಹಧನ – ಒಂದು ಪರಿಶೀಲನೆ

ಸಾರಾಂಶ

ಮನೆಯಂಗಳದ ಹುಲ್ಲುಹಾಸು ತೆಗೆದು, ಆ ನೆಲಕ್ಕೆ ಒಗ್ಗಿದ ಮತ್ತು ಕಡಿಮೆ ನೀರು ಬೇಡುವ ಗಿಡಗಳನ್ನು ಬೆಳೆಸುವವರಿಗೆ ಹಣ ಕೊಡುವ ಪದ್ಧತಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಈ ಲೇಖನವು ನೆವಾಡಾ ರಾಜ್ಯದ ಲಾಸ್ ವೇಗಾಸ್‌ನ ಯೋಜನೆಯನ್ನು ಮುಖ್ಯವಾಗಿ ಪರಿಶೀಲಿಸುತ್ತದೆ. ಕ್ಯಾಲಿಫೋರ್ನಿಯಾದ ಅನುಭವವನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತದೆ. ಪ್ರೋತ್ಸಾಹಧನವು ಹುಲ್ಲು ಕಿತ್ತದ್ದಕ್ಕೆ ಕೊಡುವ ಬಹುಮಾನವಲ್ಲ, ಜಲಮಂಡಳಿ ನೀರನ್ನು ಕೊಳ್ಳುವ ಒಂದು ಬಗೆ ಎಂಬುದು ಇಲ್ಲಿನ ವಾದ. ಕೊಂಡ ನೀರು ನಿಜವಾಗಿ ಕೈಗೆ ಸಿಗಬೇಕಾದರೆ ಯಾವ ಷರತ್ತುಗಳಿರಬೇಕು ಎಂಬುದನ್ನು ವಿವೇಚಿಸಿ, ಕೊನೆಗೆ ಬೆಂಗಳೂರಿನ ಸಂದರ್ಭಕ್ಕೆ ಅದು ಎಷ್ಟರಮಟ್ಟಿಗೆ ಹೊಂದುತ್ತದೆ ಎಂದು ನೋಡಲಾಗಿದೆ.

1. ಪ್ರಸ್ತಾವನೆ

ಕೊಲರಾಡೊ ನದಿಯ ನೀರನ್ನು ರಾಜ್ಯಗಳು ಹಂಚಿಕೊಂಡದ್ದು 1922ರ ಒಪ್ಪಂದ ಮತ್ತು 1928ರ ಬೌಲ್ಡರ್ ಕ್ಯಾನಿಯನ್ ಕಾಯ್ದೆಯ ಚೌಕಟ್ಟಿನಲ್ಲಿ. ಕೆಳಕಣಿವೆಯ ಪಾಲಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ವರ್ಷಕ್ಕೆ 44 ಲಕ್ಷ ಎಕರೆ-ಅಡಿ, ಆರಿಜೋನಾಕ್ಕೆ 28 ಲಕ್ಷ, ನೆವಾಡಾಕ್ಕೆ 3 ಲಕ್ಷ. ನಮಗೆ ರೂಢಿಯಾದ ಅಳತೆಯಲ್ಲಿ ಹೇಳುವುದಾದರೆ ಕ್ರಮವಾಗಿ ಸುಮಾರು 192, 122 ಮತ್ತು 13 ಟಿಎಂಸಿ. ಕೃಷ್ಣರಾಜಸಾಗರ ತುಂಬಿದಾಗ ಅದರಲ್ಲಿ 49.45 ಟಿಎಂಸಿ ನೀರಿರುತ್ತದೆ. ನೆವಾಡಾದ ವಾರ್ಷಿಕ ಪಾಲು ಅದರ ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ.

ಹಂಚಿಕೆಯಾದ ಕಾಲದಲ್ಲಿ ಲಾಸ್ ವೇಗಾಸ್ ಐದು ಸಾವಿರ ಜನರ ಊರು. ಇಂದು ಲಾಸ್ ವೇಗಾಸ್ ಕಣಿವೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಊರಿನ ನೀರಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಬರುವುದು ಕೊಲರಾಡೊ ನದಿಗೆ ಕಟ್ಟಿದ ಹೂವರ್ ಅಣೆಕಟ್ಟಿನ ಹಿಂದಿನ ಮೀಡ್ ಸರೋವರದಿಂದ. ಜನ ಹೆಚ್ಚಿದರೂ ಪಾಲು ಹೆಚ್ಚಲಿಲ್ಲ. 2000ದ ನಂತರದ ದೀರ್ಘ ಬರದಲ್ಲಿ ಸರೋವರವೇ ಇಳಿಯುತ್ತ ಬಂತು. 2021ರ ಆಗಸ್ಟ್‌ನಲ್ಲಿ ಕೆಳಕಣಿವೆಗೆ ಮೊದಲ ಬಾರಿಗೆ ನೀರಿನ ಕೊರತೆಯನ್ನು ಅಧಿಕೃತವಾಗಿ ಘೋಷಿಸಲಾಯಿತು. 2022ರ ಜುಲೈನಲ್ಲಿ ಸರೋವರದ ಮಟ್ಟ ಸಮುದ್ರಮಟ್ಟದಿಂದ ಸುಮಾರು 1,040 ಅಡಿಗೆ ಕುಸಿಯಿತು. 1930ರ ದಶಕದಲ್ಲಿ ತುಂಬತೊಡಗಿದ ಮೇಲೆ ಅಷ್ಟು ಕೆಳಗೆ ಅದು ಎಂದೂ ಇಳಿದಿರಲಿಲ್ಲ.

ಇಂಥ ಊರಿನಲ್ಲಿ ಮನೆಮನೆಯ ಮುಂದೆ ಹಸಿರು ಹುಲ್ಲುಹಾಸು ಇತ್ತು ಎಂಬುದೇ ಈ ಅಧ್ಯಯನದ ಆರಂಭಬಿಂದು.

2. ಮರಳಿ ಬರುವ ನೀರು, ಬಾರದ ನೀರು

ಲಾಸ್ ವೇಗಾಸ್‌ನಲ್ಲಿ ಅಡುಗೆಮನೆ, ಬಚ್ಚಲು, ಶೌಚಾಲಯಗಳ ನೀರು ಕೊಳವೆ ಸೇರಿ ಶುದ್ಧೀಕರಣಗೊಂಡು, ಲಾಸ್ ವೇಗಾಸ್ ವಾಶ್ ಎಂಬ ಹಳ್ಳದ ಮೂಲಕ ಮತ್ತೆ ಮೀಡ್ ಸರೋವರಕ್ಕೆ ಹೋಗುತ್ತದೆ. ಹೀಗೆ ಹಿಂದಿರುಗಿಸಿದಷ್ಟನ್ನು ನಗರ ಮತ್ತೆ ಎತ್ತಿಕೊಳ್ಳಬಹುದು; ಅದು 13 ಟಿಎಂಸಿಯ ಲೆಕ್ಕಕ್ಕೆ ಬೀಳುವುದಿಲ್ಲ. ಅಂದರೆ ಅಲ್ಲಿ ಸ್ನಾನಕ್ಕೆ ಎರಡು ಬಕೆಟ್ ಹೆಚ್ಚು ಸುರಿದುಕೊಂಡವನು ನದಿಗೆ ಮಾಡುವ ನಷ್ಟ ಅಲ್ಪ. ಅಂಗಳದ ಹುಲ್ಲಿಗೆ ಬಿಟ್ಟ ನೀರಾದರೋ ಆವಿಯಾಗಿ ಹೋಗುತ್ತದೆ, ಮರಳಿ ಬಾರದು.

ಈ ವ್ಯತ್ಯಾಸ ನಮಗೂ ಹೊಸದಲ್ಲ. ಕಾವೇರಿ ನ್ಯಾಯಮಂಡಳಿ ಕುಡಿಯುವ ನೀರಿನ ಬಾಬತ್ತಿನಲ್ಲಿ ಎತ್ತಿದ್ದರ ಪೈಕಿ ಶೇ. 20ರಷ್ಟನ್ನು ಮಾತ್ರ ನಿಜವಾದ ಬಳಕೆಯೆಂದು ಹಿಡಿದದ್ದು ಇದೇ ತರ್ಕದಿಂದ: ಉಳಿದದ್ದು ಯಾವುದೋ ದಾರಿಯಲ್ಲಿ ಮರಳುತ್ತದೆ ಎಂಬ ಎಣಿಕೆ. ಲಾಸ್ ವೇಗಾಸ್ ಈ ಎಣಿಕೆಯನ್ನು ನಿತ್ಯದ ಆಡಳಿತಕ್ಕೆ ಇಳಿಸಿತು. ಮನೆಯೊಳಗಿನ ನಲ್ಲಿಗಿಂತ ಹೊರಗಿನ ಹುಲ್ಲಿನ ಮೇಲೆ ಅದು ಕಣ್ಣಿಟ್ಟದ್ದು ಆ ಕಾರಣಕ್ಕೆ.

3. ಯೋಜನೆಯ ಸ್ವರೂಪ

1991ರಲ್ಲಿ ರಚನೆಯಾದ ದಕ್ಷಿಣ ನೆವಾಡಾ ಜಲ ಪ್ರಾಧಿಕಾರವು 1990ರ ದಶಕದ ನಡುವಿನಲ್ಲಿ ಒಂದು ಕ್ಷೇತ್ರಾಧ್ಯಯನ ಆರಂಭಿಸಿತು. ಒಣನೆಲಕ್ಕೆ ತಕ್ಕ ತೋಟಗಾರಿಕೆಗೆ ಅಲ್ಲಿ ‘ಜೆರಿಸ್ಕೇಪ್’ ಎನ್ನುತ್ತಾರೆ. ಡೆನ್ವರ್ ನಗರದ ಜಲಸಂಸ್ಥೆ 1981ರಲ್ಲಿ ಟಂಕಿಸಿದ ಪದವಿದು. ಹುಲ್ಲುಹಾಸಿಗೂ ಜೆರಿಸ್ಕೇಪಿಗೂ ಪ್ರತ್ಯೇಕ ಮೀಟರ್ ಕೂರಿಸಿ ವರ್ಷಗಟ್ಟಲೆ ಅಳೆದಾಗ ಸಿಕ್ಕ ಫಲ ಸ್ಪಷ್ಟವಾಗಿತ್ತು. ಹುಲ್ಲುಹಾಸಿಗೆ ಚದರಡಿಗೆ ವರ್ಷಕ್ಕೆ 73 ಗ್ಯಾಲನ್, ಅಂದರೆ ಸುಮಾರು 276 ಲೀಟರ್ ನೀರು ಹೋಗುತ್ತಿತ್ತು, ಜೆರಿಸ್ಕೇಪಿಗೆ 17.2 ಗ್ಯಾಲನ್, ಸುಮಾರು 65 ಲೀಟರ್. ಉಳಿತಾಯ ಚದರಡಿಗೆ 211 ಲೀಟರ್.

276 ಲೀಟರನ್ನು ಒಂದು ಚದರಡಿ ನೆಲದ ಮೇಲೆ ನಿಲ್ಲಿಸಿದರೆ ಸುಮಾರು ಮೂರು ಮೀಟರ್ ಎತ್ತರವಾಗುತ್ತದೆ. ಲಾಸ್ ವೇಗಾಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ನಮ್ಮ ಕರಾವಳಿಯ ಇಡೀ ಮಳೆಗಾಲದ ಹತ್ತಿರ ಹತ್ತಿರದ ನೀರನ್ನು ಮರುಭೂಮಿಯ ಜನ ನಲ್ಲಿಯಿಂದ ತಮ್ಮ ಅಂಗಳಕ್ಕೆ ಸುರಿಯುತ್ತಿದ್ದರು ಎಂದಾಯಿತು.

ಈ ಅಳತೆಯ ಬಲದ ಮೇಲೆ 1999ರಲ್ಲಿ ಪ್ರೋತ್ಸಾಹಧನ ಜಾರಿಗೆ ಬಂತು. ಮೊದಲು ಚದರಡಿಗೆ ಒಂದು ಡಾಲರಿಗೂ ಕಡಿಮೆಯಿದ್ದ ದರ ಹಂತಹಂತವಾಗಿ ಏರಿ, 2024ರ ಹೊತ್ತಿಗೆ ಮನೆಗಳಿಗೆ ಚದರಡಿಗೆ 5 ಡಾಲರ್ ತಲುಪಿತು.

ಒಂದು ಸಾವಿರ ಚದರಡಿಯ ಅಂಗಳವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮನೆಯೊಡೆಯರು ಹುಲ್ಲಿಗೆ ಕೈ ಹಚ್ಚುವ ಮೊದಲೇ ಅರ್ಜಿ ಹಾಕಬೇಕು. ಸಿಬ್ಬಂದಿ ಬಂದು, ಹುಲ್ಲು ಜೀವಂತವಾಗಿದೆಯೇ ನೋಡಿ ಅಳತೆ ಮಾಡುತ್ತಾರೆ. ಮೊದಲೇ ಕಿತ್ತು ಬಂದವರಿಗೆ ಹಣವಿಲ್ಲ. ಹುಲ್ಲು ಹೋದ ಮೇಲೆ ತುಂತುರು ಕೊಳವೆಗಳ ಜಾಗಕ್ಕೆ ಹನಿ ನೀರಾವರಿ ಬರಬೇಕು. ನೆಲಕ್ಕೆ ನೀರು ಇಂಗುವಂಥ ಜಲ್ಲಿಯ ಅಥವಾ ಮರದ ಚೂರಿನ ಹೊದಿಕೆ ಹಾಕಬೇಕು. ಪ್ರತಿ ಗಿಡಕ್ಕೂ ಅದು ಪೂರ್ಣ ಬೆಳೆದಾಗ ಎಷ್ಟು ಚದರಡಿ ಹರಡುತ್ತದೆಂಬ ಅಂಕಿ ಪಟ್ಟಿಯಲ್ಲಿರುತ್ತದೆ. ನೆಟ್ಟ ಗಿಡಗಳ ಅಂಕಿಗಳನ್ನು ಕೂಡಿದರೆ ಕನಿಷ್ಠ 500 ಚದರಡಿ, ಎಂದರೆ ಪರಿವರ್ತಿಸಿದ ನೆಲದ ಅರ್ಧದಷ್ಟಾದರೂ ಆಗಬೇಕು. ಎರಡನೆಯ ತಪಾಸಣೆ ಮುಗಿದ ಮೇಲೆ, ಇಲ್ಲಿ ಮತ್ತೆ ಹುಲ್ಲು ಹಾಸುವುದಿಲ್ಲ ಎಂಬ ಕರಾರಿಗೆ ಸಹಿ ಬಿದ್ದರೆ, 2024ರ ದರದಂತೆ 5,000 ಡಾಲರ್ ಕೈಗೆ ಬರುತ್ತದೆ. ಕರಾರು ಆಸ್ತಿಗೆ ಅಂಟಿಕೊಂಡಿರುತ್ತದೆ. ಮನೆ ಮಾರಿದರೂ ಕೊಂಡವರನ್ನು ಕಟ್ಟಿಹಾಕುತ್ತದೆ.

ಆ ಅಂಗಳ ವರ್ಷಕ್ಕೆ ಉಳಿಸುವ ನೀರು ಸುಮಾರು 2.11 ಲಕ್ಷ ಲೀಟರ್. ಬೆಂಗಳೂರಿನಲ್ಲಿ ಓಡಾಡುವ 12,000 ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಹದಿನೇಳೂವರೆ ಟ್ಯಾಂಕರ್.

4. ಉಳಿತಾಯ ನಿಜವೇ?

ಇಂಥ ಯೋಜನೆಗಳ ಬಗ್ಗೆ ಮೂರು ಸಂಶಯಗಳು ಸಹಜವಾಗಿ ಏಳುತ್ತವೆ. ಹಣ ಪಡೆದವರು ಹೇಗಿದ್ದರೂ ಹುಲ್ಲು ತೆಗೆಯುತ್ತಿದ್ದವರೇ? ಗಿಡಗಳು ದೊಡ್ಡದಾದಂತೆ ನೀರಿನ ಬೇಡಿಕೆ ಮತ್ತೆ ಏರುವುದೇ? ಖರ್ಚಿಗೆ ತಕ್ಕ ಫಲವಿದೆಯೇ?

ಪ್ರಾಧಿಕಾರದ ಮೊದಲ ಅಧ್ಯಯನ, ಪರಿವರ್ತನೆ ಮಾಡಿದ ಮನೆಗಳ ಒಟ್ಟು ನೀರಿನ ಬಳಕೆ ಶೇ. 30ರಷ್ಟು ಇಳಿಯಿತೆಂದು ಕಂಡುಕೊಂಡಿತ್ತು. ಕ್ರಿಸ್ಟಾ ಬ್ರೆಲ್ಸ್‌ಫರ್ಡ್ ಮತ್ತು ಜೋಶುವಾ ಅಬಟ್ ಆ ಮೇಲೆ ನಡೆಸಿದ ಸ್ವತಂತ್ರ ವಿಶ್ಲೇಷಣೆ ಮೂರು ಲಕ್ಷ ಮನೆಗಳ ಹನ್ನೆರಡು ವರ್ಷಗಳ ತಿಂಗಳ ಬಿಲ್ಲುಗಳನ್ನು ಆಧರಿಸಿತು. ಯೋಜನೆಗೆ ಸೇರಿದ ಮನೆಗಳನ್ನು ಸೇರದ ಮನೆಗಳೊಂದಿಗೆ ಹೋಲಿಸಿದಾಗ ಅವರಿಗೆ ಸಿಕ್ಕ ಸರಾಸರಿ ಇಳಿಕೆ ಶೇ. 18. ಮೊದಲ ಅಂಕಿಗಿಂತ ಇದು ಕಡಿಮೆ. ವಿಧಾನ ಹೆಚ್ಚು ಬಿಗಿಯಾದ್ದರಿಂದ ಯೋಜನೆ ತೂಗುವವರು ನೆಚ್ಚಬೇಕಾದದ್ದು ಇದನ್ನೇ. ಅಂಗಳ ಹಳತಾದಂತೆ ಉಳಿತಾಯ ಕುಗ್ಗಿದ್ದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ದರ ಹೆಚ್ಚು ಕೊಟ್ಟಾಗ ಚದರಡಿಯ ಉಳಿತಾಯ ಹೆಚ್ಚಿದ್ದೂ ಕಾಣಲಿಲ್ಲ. ಉಳಿಸಿದ ಪ್ರತಿ ಸಾವಿರ ಗ್ಯಾಲನ್‌ಗೆ ಪ್ರಾಧಿಕಾರಕ್ಕೆ ತಗಲಿದ ವೆಚ್ಚ ಸುಮಾರು 1.62 ಡಾಲರ್, ಸಾವಿರ ಲೀಟರಿಗೆ 43 ಸೆಂಟ್. ನೀರು ಹೊಂದಿಸುವ ಬೇರೆ ದಾರಿಗಳ ಎದುರು ಇದು ಅಗ್ಗವೇ ಎಂಬುದು ಅವರ ನಿರ್ಣಯ.

1999ರಿಂದೀಚೆಗೆ ಈ ಕಣಿವೆಯಲ್ಲಿ 20 ಕೋಟಿ ಚದರಡಿಗೂ ಹೆಚ್ಚು ಹುಲ್ಲುಹಾಸು ಹೋಗಿದೆ. ಪ್ರಾಧಿಕಾರ ಅಳೆದ ಚದರಡಿಯ ಉಳಿತಾಯದಿಂದ ಗುಣಿಸಿದರೆ ವರ್ಷಕ್ಕೆ ಸುಮಾರು ಒಂದೂವರೆ ಟಿಎಂಸಿ. ಹದಿಮೂರು ಟಿಎಂಸಿಯ ರಾಜ್ಯಕ್ಕೆ ಅದು ಒಂಬತ್ತರಲ್ಲೊಂದು ಪಾಲು. ಹೊಸ ಅಣೆಕಟ್ಟು ಕಟ್ಟದೆ, ನೆರೆರಾಜ್ಯದೊಡನೆ ವ್ಯಾಜ್ಯ ಹೂಡದೆ ದೊರೆತ ನೀರು ಅದು.

5. ಕ್ಯಾಲಿಫೋರ್ನಿಯಾ ಕಲಿತ ಪಾಠ

2015ರ ಏಪ್ರಿಲ್ 1ರಂದು ಕ್ಯಾಲಿಫೋರ್ನಿಯಾದ ಗವರ್ನರ್ ಜೆರಿ ಬ್ರೌನ್ ನಗರಗಳ ನೀರಿನ ಬಳಕೆಯನ್ನು ಶೇ. 25ರಷ್ಟು ಇಳಿಸಲು ಆದೇಶಿಸಿ, 5 ಕೋಟಿ ಚದರಡಿ ಹುಲ್ಲುಹಾಸನ್ನು ಬದಲಿಸುವ ಗುರಿಯನ್ನೂ ಇಟ್ಟರು. ದಕ್ಷಿಣ ಕ್ಯಾಲಿಫೋರ್ನಿಯಾದ ಮೆಟ್ರೊಪಾಲಿಟನ್ ಜಲಮಂಡಳಿ ಚದರಡಿಗೆ 2 ಡಾಲರ್ ಕೊಡುತ್ತಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಮಂಡಳಿ ಸಂರಕ್ಷಣಾ ನಿಧಿಗೆ 35 ಕೋಟಿ ಡಾಲರ್ ಸೇರಿಸಿತು. ಅರ್ಜಿಗಳ ಪ್ರವಾಹಕ್ಕೆ ಜುಲೈ ಹೊತ್ತಿಗೆ ಹಣವೆಲ್ಲ ಹಂಚಿಕೆಯಾಗಿ ಯೋಜನೆ ನಿಂತಿತು.

ಜನ ಮುಂದೆ ಬರಲು ಹಿಂಜರಿಯುವುದಿಲ್ಲ ಎಂಬುದನ್ನು ಈ ನೂಕುನುಗ್ಗಲು ತೋರಿಸಿತು. ಷರತ್ತು ಸಡಿಲವಿದ್ದರೆ ಏನಾಗುತ್ತದೆಂಬುದನ್ನೂ ತೋರಿಸಿತು. ಹಲವು ಅಂಗಳಗಳಲ್ಲಿ ಹುಲ್ಲಿನ ಜಾಗಕ್ಕೆ ಬಂದದ್ದು ಬರಿಯ ಜಲ್ಲಿ ಮತ್ತು ಅಲ್ಲೊಂದು ಇಲ್ಲೊಂದು ಗಿಡ. ಬಿಸಿಲಿಗೆ ಕಾದ ಕಲ್ಲು ಸುತ್ತಲಿನ ಗಾಳಿಯನ್ನೂ ಕಾಯಿಸುತ್ತದೆ. ಹುಲ್ಲಿನ ಪಾಲಿನ ನೀರು ಕುಡಿದು ಬೆಳೆದಿದ್ದ ಮರಗಳು ತುಂತುರು ನಿಂತಾಗ ಒಣಗುತ್ತವೆ. ಮುಂದೆ ಯೋಜನೆ ಮತ್ತೆ ತೆರೆದಾಗ ಮಂಡಳಿ ನಿಯಮ ಬದಲಿಸಿತು: ನೂರು ಚದರಡಿಗೆ ಕನಿಷ್ಠ ಮೂರು ಗಿಡ, ಮಳೆನೀರು ಹಿಡಿದಿಡುವ ಏರ್ಪಾಡು, ಪ್ಲಾಸ್ಟಿಕ್ ಹುಲ್ಲಿಗೆ ಹಣವಿಲ್ಲ.

ಹಣದ ಹಿಂದೆ ಕಾನೂನೂ ಬಂತು. ನೆವಾಡಾ 2021ರಲ್ಲಿ ತಂದ ಕಾಯ್ದೆಯಂತೆ, ಯಾರೂ ಆಡದ, ಕೂರದ, ನೋಟಕ್ಕೆ ಮಾತ್ರ ಇರುವ ಹುಲ್ಲುಹಾಸಿಗೆ 2027ರಿಂದ ಕೊಲರಾಡೊ ನೀರು ಬಿಡುವಂತಿಲ್ಲ. ರಸ್ತೆ ವಿಭಜಕ, ಕಚೇರಿ ಆವರಣ, ವಸತಿ ಸಮುಚ್ಚಯಗಳಿಗೆ ಇದು ಅನ್ವಯ, ಒಂಟಿ ಮನೆಗಳಿಗಲ್ಲ. ಕ್ಯಾಲಿಫೋರ್ನಿಯಾ 2023ರಲ್ಲಿ ಇದೇ ಜಾಡು ಹಿಡಿಯಿತು. ಇಪ್ಪತ್ತು ವರ್ಷ ಪ್ರೋತ್ಸಾಹಧನ ಕೊಟ್ಟು, ಹುಲ್ಲಿಲ್ಲದ ಅಂಗಳವೂ ಚೆಲುವಾಗಿರಬಲ್ಲದೆಂದು ಜನರ ಕಣ್ಣಿಗೆ ಕಂಡ ಮೇಲೆ ನಿಷೇಧ ಬಂದದ್ದರಿಂದ ಅದು ನೆವಾಡಾದಲ್ಲಿ ನಡೆಯಿತು ಎಂದು ನನ್ನ ಅಭಿಪ್ರಾಯ.

6. ‘ದೇಶಿ’ ಎಂಬುದರ ಅರ್ಥ

ಇಲ್ಲಿ ಸಸ್ಯಶಾಸ್ತ್ರದ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದ ಅಂಗಳಗಳ ‘ಬರ್ಮುಡಾ ಹುಲ್ಲು’ ಬೇರೇನೂ ಅಲ್ಲ, ನಾವು ಗಣಪತಿಗೆ ಏರಿಸುವ ಗರಿಕೆ. ಎರಡಕ್ಕೂ ಸಸ್ಯಶಾಸ್ತ್ರದಲ್ಲಿ ಒಂದೇ ಹೆಸರು, ಸೈನೋಡಾನ್ ಡ್ಯಾಕ್ಟಿಲಾನ್. ನಮ್ಮ ಬದುವಿನಲ್ಲಿ ಮಳೆ ನಂಬಿ ಬದುಕುವ ಗರಿಕೆಯನ್ನು ಮೊಹಾವಿ ಮರುಭೂಮಿಯಲ್ಲಿ ಹಸಿರಾಗಿಡಲು ನದಿಯನ್ನೇ ತಿರುಗಿಸಬೇಕಾಗುತ್ತದೆ. ಎದುರು ದಿಕ್ಕಿನ ಉದಾಹರಣೆಯೂ ಇದೆ. ಮೊಹಾವಿಯ ಮಣ್ಣಿನ ಮಗು ಮೆಸ್ಕೀಟ್ ಮರ. ಅದರ ಹತ್ತಿರದ ಬಂಧು ಬಳ್ಳಾರಿ ಜಾಲಿ ನಮ್ಮ ಬಯಲುಸೀಮೆಯ ಕೆರೆಯಂಗಳಗಳನ್ನು ನುಂಗಿದೆ. ಲಾಸ್ ವೇಗಾಸ್‌ನ ಅಂಗಳಗಳಲ್ಲಿ ಹೂವಿಗಾಗಿ ನೆಡುವ ಲಂಟಾನ ಬಂಡೀಪುರ, ನಾಗರಹೊಳೆಗಳಲ್ಲಿ ಕಾಡಿನ ಮೇವನ್ನೇ ಅಳಿಸಿದ ಕಳೆ.

ಹಾಗಾಗಿ ಯಾವ ಗಿಡವೂ ತನ್ನಷ್ಟಕ್ಕೆ ದೇಶಿಯೂ ಅಲ್ಲ, ಮಿತಜಲದ್ದೂ ಅಲ್ಲ. ಅದು ನೆಲವನ್ನು ಅವಲಂಬಿಸಿದ ಮಾತು. ಒಂದು ಊರಿನ ಗಿಡಪಟ್ಟಿಯನ್ನು ಇನ್ನೊಂದು ಊರು ನಕಲು ಮಾಡಬಾರದು.

7. ಬೆಂಗಳೂರಿಗೆ ಇದರ ಅನ್ವಯ

ಬೆಂಗಳೂರು ಹಿಡಿದಿರುವುದು ದಂಡದ ದಾರಿ. 2024ರ ಮಾರ್ಚ್‌ನ ಬರಗಾಲದಲ್ಲಿ ಜಲಮಂಡಳಿ ಕೈತೋಟಕ್ಕೆ, ವಾಹನ ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ವಿಧಿಸಿತು. ಮಳೆನೀರು ಕೊಯ್ಲನ್ನು 2009ರಲ್ಲೇ ಕಡ್ಡಾಯ ಮಾಡಲಾಗಿತ್ತು. 2018ರ ಫೆಬ್ರವರಿಯ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ. ಲಾಸ್ ವೇಗಾಸ್ ಅಂಗಳದಿಂದ ಗಳಿಸಿದ್ದು ಅದರ ಮೂರನೆಯ ಒಂದು ಭಾಗದಷ್ಟು.

ಆದರೂ ಆ ಯೋಜನೆಯನ್ನು ಇದ್ದಂತೆಯೇ ಇಲ್ಲಿ ನೆಡಲಾಗದು. ಇಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಹುಲ್ಲುಹಾಸು ಕಾಡುವುದು ಮುಖ್ಯವಾಗಿ ಬೇಸಿಗೆಯಲ್ಲಿ. 30x40 ನಿವೇಶನದ ಮನೆಗೆ ಅಂಗಳವೇ ಇರುವುದಿಲ್ಲ. ಮೆಕ್ಸಿಕನ್ ಹುಲ್ಲು ಹಾಸಿದ ವಿಸ್ತಾರ ಜಾಗಗಳಿರುವುದು ವಸತಿ ಸಮುಚ್ಚಯ, ಐಟಿ ಪಾರ್ಕ್, ಕಲ್ಯಾಣಮಂಟಪಗಳಲ್ಲಿ. ಅವುಗಳಲ್ಲಿ ಕೆಲವು ತಮ್ಮದೇ ಶುದ್ಧೀಕರಣ ಘಟಕದ ನೀರನ್ನು, ಕೆಲವು ಮೀಟರಿಲ್ಲದ ಕೊಳವೆಬಾವಿಯ ನೀರನ್ನು ಉಣಿಸುತ್ತವೆ. ಅಲ್ಲಿ ಹುಲ್ಲು ಕಿತ್ತರೆ ಕಾವೇರಿಯ ಬಿಲ್ಲಿನಲ್ಲಿ ಏನೂ ಕಾಣಿಸದು. ಅಳೆಯದ ನೀರನ್ನು ಹಣ ಕೊಟ್ಟು ಕೊಳ್ಳುವುದು ಸಾಧ್ಯವಿಲ್ಲ.

ಮರಳುವ ನೀರಿನ ಮಾತೂ ಇದೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬೆಂಗಳೂರಿನ ಬಚ್ಚಲ ನೀರಿಗೆ ಮುಂದೊಂದು ಊರಿದೆ. ಹುಲ್ಲಿನ ಮೇಲೆ ಆವಿಯಾದ ನೀರಿಗೆ ಇಲ್ಲ.

ನ್ಯಾಯದ ಪ್ರಶ್ನೆ ಕೊನೆಯದು, ಹಗುರವಾದದ್ದಲ್ಲ. ಪ್ರೋತ್ಸಾಹಧನದ ದುಡ್ಡು ಎಲ್ಲರ ನೀರಿನ ಬಿಲ್ಲಿನಿಂದ ಬರುತ್ತದೆ, ಹೋಗುವುದು ದೊಡ್ಡ ಅಂಗಳ ಇದ್ದವರಿಗೆ. ಬಾಡಿಗೆ ಮನೆಯವರು ಕೊಟ್ಟ ಹಣದಿಂದ ಬಂಗಲೆಯ ತೋಟ ಸಜ್ಜಾಗುವುದನ್ನು ಒಪ್ಪಲಾಗದು. ದೊಡ್ಡ ಆವರಣಗಳಿಗೆ ನೆವಾಡಾದಂತೆ ಕಾಲಾವಕಾಶ ಕೊಟ್ಟು ಕಾನೂನಿನ ಮೂಲಕ, ಸಣ್ಣ ಅಂಗಳದ ಮನೆಗಳಿಗೆ ಹಣದ ಮೂಲಕ ಎಂದು ವಿಂಗಡಿಸುವುದು ನ್ಯಾಯವಾದ ದಾರಿ.

8. ಉಪಸಂಹಾರ

ಲಾಸ್ ವೇಗಾಸ್‌ನ ಯೋಜನೆ ಫಲ ಕೊಟ್ಟದ್ದು ನಾಲ್ಕು ಕಾರಣಗಳಿಂದ: ಮೊದಲು ಅಳೆಯಿತು, ಮರಳಿ ಬಾರದ ನೀರಿನ ಮೇಲಷ್ಟೇ ಹಣ ಹೂಡಿತು, ಹುಲ್ಲು ಹೋದಲ್ಲಿ ಗಿಡಗಳು ಬರಲೇಬೇಕೆಂದು ಹಟ ಹಿಡಿಯಿತು, ಕರಾರನ್ನು ಆಸ್ತಿಗೆ ಕಟ್ಟಿತು. ಇವುಗಳಲ್ಲಿ ಒಂದು ತಪ್ಪಿದರೂ ಪ್ರೋತ್ಸಾಹಧನ ತೋಟದ ಅಲಂಕಾರಕ್ಕೆ ಕೊಟ್ಟ ದಾನವಾಗುತ್ತದೆ. ಬೆಂಗಳೂರು ಈ ದಾರಿಗೆ ಬರುವುದಾದರೆ ಮೊದಲ ರೂಪಾಯಿ ಮೀಟರಿಗೆ ಹೋಗಲಿ: ನೂರು ಆವರಣಗಳಲ್ಲಿ ಹುಲ್ಲಿಗೊಂದು, ಹೊಂಗೆ-ಲಕ್ಕಿ-ತುಂಬೆ ಬೆಳೆದ ನೆಲಕ್ಕೊಂದು ಮೀಟರ್ ಕೂರಿಸಿ ಎರಡು ಬೇಸಿಗೆ ಅಳೆಯಲಿ. ಕೃಷಿ ವಿಶ್ವವಿದ್ಯಾಲಯವೂ ಜಲಮಂಡಳಿಯೂ ಇರುವ ನಗರಕ್ಕೆ ಇದು ಮೀರಿದ ಕೆಲಸವಲ್ಲ. ನೂರು ಕಿಲೋಮೀಟರ್ ಆಚೆಯಿಂದ ವಿದ್ಯುತ್ ಸುರಿದು ಮೇಲೆತ್ತಿ ತಂದ ಕಾವೇರಿಯ ನೀರು ಹುಲ್ಲಿಗೆ ಎಷ್ಟು ಹೋಗುತ್ತಿದೆ ಎಂದು ತಿಳಿದುಕೊಳ್ಳುವುದು ಆ ನದಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಲೆಕ್ಕ.